ವೋಲ್ಟೇಜ್ ಎಲ್ಲಿ ಸೋರುತ್ತಿದೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವೋಲ್ಟೇಜಿನದೇ ದೂರು. ಕೆಲವರಿಗೆ ಕಡಿಮೆ, ಕೆಲವರಿಗೆ ಜಾಸ್ತಿ, ಒಬ್ಬರಿಗೆ ಒಂದೇ ದಿನ ಎರಡೂ. ಎಲ್ಲರೂ ಕೇಳುವುದು ಮಾತ್ರ ಒಂದೇ: ಯಾವ ಟ್ರಾನ್ಸ್‌ಫಾರ್ಮರ್ ಹಾಕಿಸಲಿ? ಎಲ್ಲಿ ಅಳೆದಿರಿ ಎಂಬುದನ್ನು ಬರೆದವರು ಕಡಿಮೆ. ಬರೆದವರಿಗೆ ಲೆಕ್ಕ ಸಮೇತ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ತೋಟ ಟಿಸಿಯಿಂದ (ಕಂಬದ ಟ್ರಾನ್ಸ್‌ಫಾರ್ಮರ್) 600 ಮೀಟರ್ ದೂರದಲ್ಲಿದೆ. 63 ಕೆವಿಎ ಟಿಸಿ, ಅದರ ಮೇಲೆ 5 ಎಚ್‌ಪಿಯ ಎಂಟು ಬೋರ್‌ವೆಲ್ ಮೋಟಾರು. ನಾಲ್ಕು ಟಿಸಿಯ ಹತ್ತಿರ, ನಾಲ್ಕು ನಮ್ಮ ಕಡೆ, ಲೈನಿನ ಕೊನೆಯಲ್ಲಿ. ತಂತಿ ವೀಸಲ್, ಅಲ್ಯೂಮಿನಿಯಂನ ತೆಳು ಬಗೆ. ಎಲ್ಲ ಮೋಟಾರು ಓಡುವಾಗ ನಮ್ಮ ಸ್ಟಾರ್ಟರ್ ಡಬ್ಬಿಯಲ್ಲಿ 355 ವೋಲ್ಟ್. ಮೋಟಾರು ಗುಂಯ್‌ಗುಡುತ್ತದೆ, ಸ್ಟಾರ್ಟರ್ ಬಿಟ್ಟುಬಿಡುತ್ತದೆ. ಟಿಸಿಯನ್ನು 100 ಕೆವಿಎ ಮಾಡಿಸಿದರೆ ಸರಿಹೋಗುತ್ತದೆಯೇ? ಎಲ್ಲರೂ ಸೇರಿ ದುಡ್ಡು ಹಾಕಲು ತಯಾರಿದ್ದೇವೆ.
– ರೈತರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ದುಡ್ಡು ಹಾಕುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಭಾಗದ ಲೈನ್‌ಮನ್ ಇರುವಾಗ, ಅವರ ಕೈಯಿಂದಲೇ, ಟಿಸಿಯ ಎಲ್‌ಟಿ (ಕಡಿಮೆ ವೋಲ್ಟೇಜಿನ ಕಡೆಯ) ಪೆಟ್ಟಿಗೆಯಲ್ಲಿ ಎರಡು ಬಾರಿ ಅಳೆಸಿ. ಒಮ್ಮೆ ಎಲ್ಲ ಮೋಟಾರು ಓಡುವಾಗ, ಇನ್ನೊಮ್ಮೆ ಎಲ್‌ಟಿ ಸ್ವಿಚ್ ತೆಗೆದು ಲೋಡೇ ಇಲ್ಲದಾಗ. ಈ ಎರಡು ಅಂಕಿ, ನಿಮ್ಮ 355, ಒಟ್ಟು ಮೂರು. ಇಡೀ ಕತೆ ಇಷ್ಟರಲ್ಲೇ ಇದೆ.

ಟಿಸಿಯ ಅನುಪಾತ 11,000ಕ್ಕೆ 433. ಹಾಗಾಗಿ ಲೋಡಿಲ್ಲದಾಗ ಬಂದ ಅಂಕಿಯನ್ನು 25.4ರಿಂದ ಗುಣಿಸಿದರೆ ಮೇಲಿನ ಎಚ್‌ಟಿ (11,000 ವೋಲ್ಟಿನ) ಲೈನಿನ ವೋಲ್ಟೇಜ್ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. 401 ಬಂತು ಅಂದುಕೊಳ್ಳಿ. ಆಗ ಎಚ್‌ಟಿಯಲ್ಲಿ ಸುಮಾರು 10,200 ಇದೆ ಎಂದರ್ಥ. ಅಂದರೆ ಕರೆಂಟು ನಿಮ್ಮ ಟಿಸಿಗೆ ಬರುವ ಹೊತ್ತಿಗೇ 433ರಲ್ಲಿ 32 ವೋಲ್ಟ್ ಹೋಗಿಯಾಗಿದೆ.

ಇನ್ನು ಟಿಸಿಯ ಒಳಗೆ. ಒಂದು ಮೋಟಾರಿಗೆ 8 ಆಂಪಿಯರ್‌ನಂತೆ ಎಂಟಕ್ಕೆ 64. 63 ಕೆವಿಎ ಟಿಸಿ ಪೂರ್ತಿ ಕೊಡಬಲ್ಲದ್ದು 84. ಮುಕ್ಕಾಲು ಲೋಡಿನಲ್ಲಿ ಸುತ್ತುಗಳ ಒಳಗೇ ಶೇ 3ರಷ್ಟು, ಅಂದರೆ 13 ವೋಲ್ಟ್ ಇಳಿಯುತ್ತದೆ. ಉಳಿಯಿತು 388.

ಆಮೇಲೆ ತಂತಿ. ಬಿಸಿಲಿಗೆ ಕಾದ ವೀಸಲ್ ತಂತಿಯ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು 1 ಓಮ್, ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ಮಾತ್ರ ಒದಗುವ ಇನ್ನೊಂದು ತಡೆ) 0.35. ನಿಮ್ಮ 600 ಮೀಟರಿಗೆ 0.6 ಮತ್ತು 0.21. ಕೊನೆಯ ನಾಲ್ಕು ಮೋಟಾರಿನ 32 ಆಂಪಿಯರ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8 ಹಿಡಿದರೆ ಒಂದು ಫೇಸಿಗೆ 19.4 ವೋಲ್ಟ್, ಫೇಸಿನಿಂದ ಫೇಸಿಗೆ 34. 388ರಲ್ಲಿ 34 ಕಳೆದರೆ 354. ನಿಮ್ಮ ಮೀಟರು ತೋರಿಸಿದ್ದೂ ಅದೇ.

ಈಗ 100 ಕೆವಿಎ ಹಾಕಿದಿರಿ ಅನ್ನಿ. ಟಿಸಿಯ ಒಳಗಿನ 13 ವೋಲ್ಟ್ ನಷ್ಟ 8ಕ್ಕೆ ಇಳಿಯುತ್ತದೆ. ನಿಮಗೆ ಸಿಗುವುದು ಐದು ವೋಲ್ಟ್, ಅಷ್ಟೇ. ಟಿಸಿ ದೊಡ್ಡದಾದರೆ ವೋಲ್ಟೇಜ್ ಏರುತ್ತದೆ ಎಂಬ ಮಾತು ಊರೂರಲ್ಲಿದೆ. ಟಿಸಿ ಓವರ್‌ಲೋಡ್ ಆಗಿ ಫ್ಯೂಸ್ ಹೋಗುತ್ತಿದ್ದರೆ ದೊಡ್ಡದು ಬೇಕು, ನಿಜ. ನಿಮ್ಮ ಕಾಯಿಲೆ ಅದಲ್ಲ.

ವೀಸಲ್ ತೆಗೆದು ಅದಕ್ಕಿಂತ ದಪ್ಪನೆಯ ರ‍್ಯಾಬಿಟ್ ತಂತಿ ಎಳೆದರೆ 34ರ ನಷ್ಟ 23ಕ್ಕೆ ಬರುತ್ತದೆ. ಲಾಭ 11 ವೋಲ್ಟ್. ಪ್ರತಿ ಮೋಟಾರಿಗೆ 2 ಕೆವಿಎಆರ್ ಕೆಪಾಸಿಟರ್ ಕೂರಿಸಿದರೆ ಕರೆಂಟು 32ರಿಂದ 27ಕ್ಕೆ ಇಳಿಯುತ್ತದೆ, ವೋಲ್ಟೇಜ್ ಮಾತ್ರ ನಾಲ್ಕೇ ವೋಲ್ಟ್ ಏರುತ್ತದೆ. ಸಣ್ಣ ತಂತಿಯಲ್ಲಿ ರೆಸಿಸ್ಟೆನ್ಸಿನದೇ ಕಾರುಬಾರು, ಅದರ ಮುಂದೆ ಕೆಪಾಸಿಟರ್ ಆಟ ನಡೆಯುವುದಿಲ್ಲ. ಆದರೂ ಖರ್ಚು ಕಡಿಮೆ, ತಂತಿ ಕಾಯುವುದು ತಗ್ಗುತ್ತದೆ, ಹಾಕಿಸಿ.

ನಿಜವಾದ ಮದ್ದೆಂದರೆ 11 ಕೆವಿ ಲೈನನ್ನೇ ನಿಮ್ಮ ತೋಟದ ತನಕ ತಂದು, ಅಲ್ಲೊಂದು 25 ಕೆವಿಎ ಟಿಸಿ ನಿಲ್ಲಿಸುವುದು. ಎಲ್‌ಟಿಯಲ್ಲಿ 32 ಆಂಪಿಯರ್ ಹರಿಯುತ್ತಿದ್ದ ಜಾಗದಲ್ಲಿ ಎಚ್‌ಟಿಯಲ್ಲಿ ಹರಿಯುವುದು ಒಂದೂಕಾಲು ಆಂಪಿಯರ್. ಆ 600 ಮೀಟರಿನಲ್ಲಿ ಹತ್ತು ಸಾವಿರ ಚಿಲ್ಲರೆ ವೋಲ್ಟಿನಲ್ಲಿ ಒಂದೋ ಎರಡೋ ಹೋಗಬಹುದು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಅಷ್ಟು ದೂರ ವಿದ್ಯುತ್ ಸಾಗಿಸಿದ್ದು ಇದೇ ಲೆಕ್ಕದ ಮೇಲೆ. ಹೊಸ ಟಿಸಿಯೊಳಗೆ 16 ವೋಲ್ಟ್ ಹೋದರೂ ಮೋಟಾರಿಗೆ 385 ಸಿಗುತ್ತದೆ. ಆದರೆ 25 ಕೆವಿಎ ಟಿಸಿಯ ಶಕ್ತಿ 33 ಆಂಪಿಯರ್. ನಿಮ್ಮ ನಾಲ್ಕಕ್ಕೇ ಅದು ಭರ್ತಿ. ಐದನೆಯವರು ಕೊಕ್ಕೆ ಹಾಕಿದ ದಿನ ಟಿಸಿ ಸುಡುತ್ತದೆ. ಕರೆಂಟು ಬಂದ ತಕ್ಷಣ ನಾಲ್ಕೂ ಆಟೋ ಸ್ಟಾರ್ಟರ್ ಒಟ್ಟಿಗೆ ಎತ್ತದ ಹಾಗೆ ಟೈಮರುಗಳಲ್ಲಿ ಅರ್ಧರ್ಧ ನಿಮಿಷದ ಅಂತರ ಇಡಿ. ನೇರ ಸ್ಟಾರ್ಟರಿನಲ್ಲಿ ಏಳುವಾಗ ಒಂದು ಮೋಟಾರು ಐದಾರು ಪಟ್ಟು ಕರೆಂಟು ಎಳೆಯುತ್ತದೆ.

ಎಚ್‌ಟಿಯ 10,200ಕ್ಕೆ ತಕರಾರು ಹಾಕಬಹುದೇ ಎಂದರೆ, ಕಷ್ಟ. 1956ರ ಇಂಡಿಯನ್ ಎಲೆಕ್ಟ್ರಿಸಿಟಿ ರೂಲ್ಸ್ ಎಚ್‌ಟಿಗೆ ಹಾಕಿದ್ದ ಮಿತಿ ಮೇಲೆ ಶೇ 6, ಕೆಳಗೆ ಶೇ 9. ಅಂದರೆ 10,010ರ ತನಕ ಇಳಿಯಬಹುದು. ಎಲ್‌ಟಿಗೆ ಮೇಲೆ ಕೆಳಗೆ ಎರಡೂ ಕಡೆ ಶೇ 6. ನಿಮ್ಮ 355 ಆ ಮಿತಿಗಿಂತ ಎಷ್ಟೋ ಕೆಳಗಿದೆ. ಸೆಕ್ಷನ್ ಆಫೀಸಿಗೆ ಅರ್ಜಿ ಕೊಡುವಾಗ ಮೂರೂ ಅಂಕಿ, ದಿನಾಂಕ, ಹೊತ್ತು ಬರೆದು ಕೊಡಿ. ‘ಕರೆಂಟು ಡಿಮ್ ಇದೆ’ ಎಂಬ ಅರ್ಜಿಗೂ ಇದಕ್ಕೂ ಬಹಳ ವ್ಯತ್ಯಾಸ.

ಅಲ್ಲಿಯ ತನಕ ಎರಡು ತಪ್ಪು ಮಾಡಬೇಡಿ. ಒಂದು, ಸ್ಟಾರ್ಟರ್ ಬಿಡುತ್ತದೆ ಎಂದು ಓವರ್‌ಲೋಡ್ ರಿಲೇಯನ್ನು ತಿರುಗಿಸಿ ಮೇಲೇರಿಸುವುದು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 415ರ ಮೋಟಾರಿಗೆ 354 ಕೊಟ್ಟರೆ ಉಳಿಯುವುದು ಶೇ 73. ನೀರೆತ್ತುವ ಭಾರ ಅಷ್ಟೇ ಇರುವುದರಿಂದ ಅದು ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಆಗ ಉಳಿಸಬೇಕಾದದ್ದೇ ಆ ರಿಲೇ. ಎರಡು, ವೈಂಡಿಂಗ್ ಅಂಗಡಿಯವರು ಹೇಳಿದರೆಂದು ಮೋಟಾರನ್ನು 300–320 ವೋಲ್ಟಿಗೆ ಸುತ್ತಿಸುವುದು. ಈಗೇನೋ ಚೆನ್ನಾಗಿ ಓಡುತ್ತದೆ. ಮಳೆಗಾಲದಲ್ಲಿ ಅಕ್ಕಪಕ್ಕದವರೆಲ್ಲ ಮೋಟಾರು ನಿಲ್ಲಿಸಿ 410 ಬಂದ ದಿನ ಅದರ ಕಬ್ಬಿಣದ ಕೋರಿನಲ್ಲಿ ಕಾಂತಶಕ್ತಿ ಮಿತಿಮೀರಿ ತುಂಬಿಹೋಗಿ, ನೀರೆತ್ತದಿದ್ದರೂ ಕಾದು ಸುಡುತ್ತದೆ.

ಪ್ರಶ್ನೆ: ನಮ್ಮದು ಅಕ್ಕಿ ಗಿರಣಿ, ಸ್ವಂತ 250 ಕೆವಿಎ ಟ್ರಾನ್ಸ್‌ಫಾರ್ಮರ್. ಗಿರಣಿ ಓಡುವಾಗ 392 ವೋಲ್ಟ್, ರಾತ್ರಿ ಖಾಲಿ ಇರುವಾಗ 424. ಟ್ಯಾಪ್ (ಸುತ್ತುಗಳ ಸಂಖ್ಯೆ ಬದಲಿಸುವ ಸ್ವಿಚ್) ಈಗ 2ರಲ್ಲಿದೆ. ಒಬ್ಬರು 1ಕ್ಕೆ ತಿರುಗಿಸಿ ಎನ್ನುತ್ತಾರೆ, ಇನ್ನೊಬ್ಬರು 5ಕ್ಕೆ. ಯಾರ ಮಾತು ಕೇಳಲಿ?
– ಗಂಗಾವತಿ

ಉತ್ತರ: ಇಬ್ಬರದ್ದೂ ಬೇಡ, ಟ್ರಾನ್ಸ್‌ಫಾರ್ಮರಿನ ಮೈಮೇಲಿನ ತಗಡಿನ ಮಾತು ಕೇಳಿ. ಐದು ಸ್ಥಾನದ ಟ್ಯಾಪ್ ಇದ್ದರೆ ಅಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: 1ಕ್ಕೆ 11,550, 2ಕ್ಕೆ 11,275, 3ಕ್ಕೆ 11,000, 4ಕ್ಕೆ 10,725, 5ಕ್ಕೆ 10,450. ಒಂದೊಂದು ಮೆಟ್ಟಿಲಿಗೆ ಎರಡೂವರೆ ಪರ್ಸೆಂಟು. ಇವು ಎಚ್‌ಟಿ ಕಡೆಯ ಅಂಕಿಗಳು. ಆ ವೋಲ್ಟೇಜ್ ಮೇಲಿಂದ ಬಂದರೆ ಕೆಳಗೆ 433 ಕೊಡುತ್ತೇನೆ ಎಂದು ಟ್ರಾನ್ಸ್‌ಫಾರ್ಮರ್ ಹೇಳುತ್ತಿದೆ. 1ನ್ನು ದೊಡ್ಡ ಅಂಕಿ ಎಂದು ಆರಿಸಿಕೊಂಡರೆ ಎಚ್‌ಟಿ ಸುತ್ತು ಹೆಚ್ಚಾಗಿ ನಿಮ್ಮ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಈ ತಿರುಗುಮುರುಗು ಅನುಭವಿಗಳನ್ನೂ ಎಡವಿಸುತ್ತದೆ. ಕೆಲವು ತಯಾರಕರು ಸಂಖ್ಯೆಯನ್ನೇ ಉಲ್ಟಾ ಕೊಟ್ಟಿರುವುದೂ ಉಂಟು. ಅದಕ್ಕೇ ತಗಡು ಓದಿ ಎಂದದ್ದು.

3ಕ್ಕೆ ತಂದರೆ ಹಗಲು 402, ರಾತ್ರಿ 435. 4ಕ್ಕೆ ತಂದರೆ ಹಗಲು 412, ರಾತ್ರಿ 446. 415ಕ್ಕೆ ಶೇ 6 ಸೇರಿಸಿದರೆ 440, ಆದ್ದರಿಂದ 4ರಲ್ಲಿ ನಿಮ್ಮ ರಾತ್ರಿ ದೀಪಗಳು, ಸಿಸಿ ಕ್ಯಾಮೆರಾ, ಆಫೀಸಿನ ಯುಪಿಎಸ್ ಕಷ್ಟಕ್ಕೆ ಸಿಗುತ್ತವೆ. 3 ಸಾಕು. ಟ್ಯಾಪ್ ಹಗಲಿನ ಕೊರತೆಯನ್ನೂ ರಾತ್ರಿಯ ಹೆಚ್ಚಳವನ್ನೂ ಒಟ್ಟಿಗೇ ಮೇಲೆತ್ತುತ್ತದೆ. ಇವೆರಡರ ನಡುವಿನ 32 ವೋಲ್ಟಿನ ಅಂತರ ಅದಕ್ಕೆ ಕಾಣುವುದೇ ಇಲ್ಲ. ಆ ಅಂತರ ತಗ್ಗಬೇಕಾದರೆ ಪವರ್ ಫ್ಯಾಕ್ಟರ್ ಪ್ಯಾನೆಲ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ನೋಡಿಸಿ. ಟ್ರಾನ್ಸ್‌ಫಾರ್ಮರಿನ ಒಳಗೆ ರಿಯಾಕ್ಟೆನ್ಸೇ ಹೆಚ್ಚಿರುವುದರಿಂದ ಅಲ್ಲಿ ಕೆಪಾಸಿಟರಿನ ಫಲ ಕಾಣುತ್ತದೆ. ಆದರೆ ರಾತ್ರಿ ಗಿರಣಿ ನಿಂತ ಮೇಲೂ ಅವು ಲೈನಿನಲ್ಲೇ ಉಳಿದರೆ ಖಾಲಿ ವೋಲ್ಟೇಜ್ ಮತ್ತಷ್ಟು ಏರುತ್ತದೆ.

ತಿರುಗಿಸುವ ಕ್ರಮ. ಇದು ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ, ಗಿರಣಿಯ ಫಿಟರಿನದಲ್ಲ. ಇದು ಆಫ್ ಸರ್ಕ್ಯೂಟ್ ಟ್ಯಾಪ್. ಎಲ್‌ಟಿ ಬ್ರೇಕರ್ ತೆಗೆದರೆ ಸಾಲದು, ಎಚ್‌ಟಿಯೂ ಪೂರ್ತಿ ಸತ್ತಿರಬೇಕು. ಮೊದಲು ಲೋಡು, ಆಮೇಲೆ ಎಲ್‌ಟಿ ಬ್ರೇಕರ್, ಆಮೇಲೆ ಎಚ್‌ಟಿ ಬ್ರೇಕರ್ ಅಥವಾ ಜಿಒಎಸ್ (ಮೂರೂ ಫೇಸನ್ನು ಒಟ್ಟಿಗೆ ಬಿಡಿಸುವ ಕಂಬದ ಸ್ವಿಚ್). ಜಿಒಎಸ್‌ನ ಮೂರೂ ಬ್ಲೇಡು ಬಿಟ್ಟುಕೊಂಡಿದೆಯೇ ಎಂದು ಕಣ್ಣಾರೆ ನೋಡಿ ಹಿಡಿಗೆ ಬೀಗ ಹಾಕಬೇಕು. ಒಂದು ಬ್ಲೇಡು ಕಚ್ಚಿಕೊಂಡೇ ಉಳಿಯುವುದು ಅಪರೂಪವೇನಲ್ಲ. ಜನರೇಟರ್ ಇದ್ದರೆ ಅದರ ಬದಲಾವಣೆ ಸ್ವಿಚ್ಚನ್ನೂ ಬೀಗದಲ್ಲಿಡಿ, ಇಲ್ಲದಿದ್ದರೆ ಎಲ್‌ಟಿಯಿಂದ ಹಿಂದಕ್ಕೆ ಏರಿ ಎಚ್‌ಟಿ ಬುಷಿಂಗಿನಲ್ಲಿ (ತಂತಿ ಸೇರುವ ಪಿಂಗಾಣಿ ತುದಿ) 11,000 ನಿಲ್ಲುತ್ತದೆ. ಡಿಸ್‌ಚಾರ್ಜ್ ರಾಡಿನಿಂದ ಮೂರೂ ಫೇಸನ್ನು ಅರ್ತ್ ಮಾಡಿ ರಾಡನ್ನು ಹಾಗೇ ಬಿಟ್ಟು ಕೆಲಸ ಶುರು.

ಹಿಡಿಯ ಪಿನ್ನು ಎತ್ತಿ, ಒಂದರಿಂದ ಐದರ ತನಕ ಎಂಟು ಹತ್ತು ಸಲ ಹಿಂದೆ ಮುಂದೆ ತಿರುಗಿಸಿ. ವರ್ಷಗಟ್ಟಲೆ ಅಲುಗದ ಕಾಂಟ್ಯಾಕ್ಟಿನ ಮೇಲೆ ಎಣ್ಣೆ ಕಾದು ಕೂತ ಕಪ್ಪು ಪದರ ಉಜ್ಜಿ ಹೋಗುವುದು ಹೀಗೆಯೇ. ನೇರ 2ರಿಂದ 3ಕ್ಕೆ ತಂದು ಬಿಟ್ಟರೆ ಆ ಪದರದ ಮೇಲೇ ಕಾಂಟ್ಯಾಕ್ಟ್ ಕೂತು, ಕೆಲವೇ ತಿಂಗಳಲ್ಲಿ ಕಾದು ಸುಡಬಹುದು. 3ಕ್ಕೆ ತಂದ ಮೇಲೆ ಪಿನ್ನು ಗುಳಿಯಲ್ಲಿ ‘ಟಕ್’ ಎಂದು ಬೀಳಬೇಕು. ಎರಡು ಸ್ಥಾನಗಳ ನಡುವೆ ನಿಂತರೆ ಒಳಗೆ ಕಿಡಿ ಹಾರುತ್ತದೆ. ಮುಚ್ಚುವ ಮುಂಚೆ, ಎಚ್‌ಟಿ ತಂತಿಗಳನ್ನು ಬುಷಿಂಗಿನಿಂದ ಬಿಡಿಸಿಕೊಂಡು (ಅರ್ತ್ ರಾಡಿಗೆ ಸೇರಿದ ಹಾಗೇ ಅಳೆದರೆ ಅಂಕಿ ತಪ್ಪು ಬರುತ್ತದೆ), ಎಚ್‌ಟಿ ಸುತ್ತಿನ ರೆಸಿಸ್ಟೆನ್ಸ್ ಮೂರು ಜೋಡಿಗಳಲ್ಲಿ ಅಳೆದು ನೋಡಬೇಕು. ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಒಂದು ಬೇರೆ ಬಂದರೆ ಅಲ್ಲಿ ಕಾಂಟ್ಯಾಕ್ಟ್ ಕೂತಿಲ್ಲ. ತಂತಿಗಳನ್ನು ಮತ್ತೆ ಜೋಡಿಸಿ, ಅರ್ತ್ ರಾಡು ತೆಗೆದು, ಲೋಡಿಲ್ಲದೆ ಚಾರ್ಜ್ ಮಾಡಿ, ಮೂರೂ ಫೇಸ್ ಸಮ ಇದೆಯೆಂದು ಕಂಡ ಮೇಲೇ ಗಿರಣಿಗೆ ಕೊಡಿ.

ಪ್ರಶ್ನೆ: ಸಂಜೆ ಮನೆಯಲ್ಲಿ 185 ವೋಲ್ಟ್, ಬೆಳಗಿನ ಜಾವ 248. ಹಳೆಯ 230ಕ್ಕೆ 24 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಒಂದಿದೆ. ಅದನ್ನೇ ಬೂಸ್ಟರ್ ಮಾಡಿಕೊಳ್ಳಬಹುದು ಎಂದು ಗೆಳೆಯರ ಸಲಹೆ. ಆಗುತ್ತದೆಯೇ?
– ಸಾಗರ

ಉತ್ತರ: ತತ್ವ ಸರಿ. ಪ್ರೈಮರಿಯನ್ನು (230ರ ಸುತ್ತು) ಲೈನಿಗೆ ಕೊಟ್ಟು, 24ರ ಸುತ್ತನ್ನು ಫೇಸಿನಲ್ಲಿ ಸರಣಿಯಾಗಿ ಸೇರಿಸಿದರೆ ಬಂದ ವೋಲ್ಟೇಜಿಗೆ ಶೇ 10.4 ಕೂಡುತ್ತದೆ. 185 ಇದ್ದದ್ದು 204. ಚಂದವೆಂದರೆ ಟ್ರಾನ್ಸ್‌ಫಾರ್ಮರ್ ಹೊರುವುದು ಆ ಕೂಡಿಸಿದ ಭಾಗವನ್ನು ಮಾತ್ರ. ಮನೆಗೆ 15 ಆಂಪಿಯರ್ ಬೇಕಿದ್ದರೆ 24 ಗುಣಿಸು 15, 360 ವಿಎ ಸಾಕು. ಎರಡನೆಯ ಸುತ್ತಿನ ತಂತಿ ಮಾತ್ರ ಆ 15ನ್ನು ದಿನವಿಡೀ ತಡೆಯುವಷ್ಟು ದಪ್ಪ ಇರಬೇಕು, ಆ ಸುತ್ತಿಗೂ ಕೋರಿಗೂ ನಡುವೆ ಪೂರ್ತಿ ಮೇನ್ಸ್ ವೋಲ್ಟೇಜಿನ ಇನ್ಸುಲೇಷನ್ ಬೇಕು. 24 ವೋಲ್ಟಿನದಲ್ಲವೇ ಎಂದು ತೆಳು ಕಾಗದ ಸುತ್ತಿದ್ದರೆ ಪೆಟ್ಟಿಗೆಯೇ ಶಾಕ್ ಹೊಡೆಯುತ್ತದೆ.

ಆದರೆ ಮನೆಗೆ ಬೇಡ, ಕಾರಣ ಮೂರು. ಬೆಳಗಿನ ಜಾವದ 248 ಇದೇ ಬೂಸ್ಟರಿನಲ್ಲಿ 274 ಆಗುತ್ತದೆ. ನೀವು ನಿದ್ದೆಯಲ್ಲಿರುವಾಗ ಫ್ರಿಜ್ಜು ಎಚ್ಚರವಾಗಿರುತ್ತದೆ. ಇನ್ನು, ಸುತ್ತಿನ ತುದಿ ಅದಲುಬದಲಾದರೆ ಕೂಡುವ ಬದಲು ಕಳೆಯುತ್ತದೆ, 185 ಹೋಗಿ 166. ಮೂರನೆಯದು ಹೆಚ್ಚಿನವರಿಗೆ ಗೊತ್ತಿಲ್ಲ: ಪ್ರೈಮರಿಗೆಂದು ಪ್ರತ್ಯೇಕ ಫ್ಯೂಸ್ ಹಾಕಿ, ಅದು ಹೋಯಿತೆನ್ನಿ. ಸರಣಿ ಸುತ್ತಿನಲ್ಲಿ ಮನೆಯ ಕರೆಂಟು ಹರಿಯುತ್ತಲೇ ಇರುತ್ತದೆ. ಅದನ್ನು ಸರಿದೂಗಿಸುವ ಪ್ರೈಮರಿ ಕರೆಂಟು ಇಲ್ಲದೆ ಕೋರ್ ತುಂಬಿಹೋಗಿ, ತೆರೆದ ಪ್ರೈಮರಿಯ ತುದಿಯಲ್ಲಿ ಅಪಾಯದ ವೋಲ್ಟೇಜ್ ಏಳುತ್ತದೆ. ಅದಕ್ಕೇ ಇಂಥ ಜೋಡಣೆಯಲ್ಲಿ ಎರಡೂ ಸುತ್ತಿಗೆ ಮುಂದೆ ಒಂದೇ ಎಂಸಿಬಿ ಇರಬೇಕು.

ನಿಮಗೆ ಬೇಕಾದದ್ದು ತಾನಾಗಿ ಮೆಟ್ಟಿಲು ಬದಲಿಸುವ ಸ್ಟೆಬಿಲೈಸರ್. ಕೊಳ್ಳುವಾಗ ಮೇಲೆ ಬರೆದ ಇನ್‌ಪುಟ್ ವ್ಯಾಪ್ತಿ ನೋಡಿ, ನಿಮ್ಮ 185–248 ಅದರ ಒಳಗೆ ಇರಲಿ. ಫ್ರಿಜ್ಜಿಗೆ ಮೂರು ನಿಮಿಷದ ಟೈಮ್ ಡಿಲೇ ಇರಲೇಬೇಕು. ರಿಲೇ ಬಗೆಯದ್ದು ಸಾಕು. ಸರ್ವೊ ಎಂಬ ಇನ್ನೊಂದು ಬಗೆಯಲ್ಲಿ ಮೋಟಾರು ಕಾರ್ಬನ್ ಬ್ರಷ್ಷನ್ನು ಸುತ್ತಿನ ಮೇಲೆ ಎಳೆಯುತ್ತದೆ, ನಿಖರ. ಆದರೆ ಬ್ರಷ್ಷು ಸವೆಯುತ್ತದೆ, ವರ್ಷಕ್ಕೊಮ್ಮೆ ತೆಗೆದು ನೋಡದಿದ್ದರೆ ತಾಮ್ರವನ್ನೇ ಕೆರೆಯುತ್ತದೆ.

ಇನ್ನೊಂದು ಮಾತು. ಬೂಸ್ಟರ್ ಎಲ್ಲಿಂದಲೋ ವೋಲ್ಟೇಜ್ ಹುಟ್ಟಿಸುವುದಿಲ್ಲ. ಮನೆಗೆ 15 ಆಂಪಿಯರ್ ಕೊಡಲು ಲೈನಿನಿಂದ 16.6 ಎಳೆಯುತ್ತದೆ. ಬೀದಿಯವರೆಲ್ಲ ಒಂದೊಂದು ಇಟ್ಟುಕೊಂಡರೆ ಲೈನಿನ ವೋಲ್ಟೇಜ್ ಇನ್ನಷ್ಟು ಕುಸಿದು, ಇಟ್ಟುಕೊಳ್ಳದವರ ಮನೆಯಲ್ಲಿ ಟ್ಯೂಬ್‌ಲೈಟ್ ಹತ್ತುವುದಿಲ್ಲ.

ಪ್ರಶ್ನೆ: ಇದ್ದಕ್ಕಿದ್ದ ಹಾಗೆ ನಮ್ಮ ಮನೆಯಲ್ಲಿ 310 ವೋಲ್ಟ್ ಬಂದು ಟಿವಿ ಸುಟ್ಟಿತು. ಅದೇ ಹೊತ್ತಿಗೆ ಎದುರು ಮನೆಯಲ್ಲಿ ಬಲ್ಬು ಮಿಣುಕುತ್ತಿತ್ತು. ದೊಡ್ಡ ಸ್ಟೆಬಿಲೈಸರ್ ಹಾಕಿಸಲೇ?
– ಹಾವೇರಿ

ಉತ್ತರ: ಬೇಡ. ಒಬ್ಬರಿಗೆ ಏರಿ ಇನ್ನೊಬ್ಬರಿಗೆ ಇಳಿಯಿತೆಂದರೆ ನ್ಯೂಟ್ರಲ್ ಕಡಿದಿದೆ. ಟಿಸಿಯ ನ್ಯೂಟ್ರಲ್ ಲಗ್ಗು, ಕಂಬದ ನ್ಯೂಟ್ರಲ್ ಜಂಪರ್, ಇವೆರಡರಲ್ಲೇ ಹೆಚ್ಚಾಗಿ ಸಿಗುತ್ತದೆ. ಅಲ್ಯೂಮಿನಿಯಂ ತಂತಿಯನ್ನು ತಾಮ್ರಕ್ಕೆ ಬರಿದೇ ಸುತ್ತಿದ ಜಾಗದಲ್ಲಿ ಬಿಳಿ ಪುಡಿ ಕಟ್ಟಿ ಸಡಿಲಾಗಿರುತ್ತದೆ. ಆಗ ಎರಡು ಫೇಸಿನ ಮನೆಗಳು 400 ವೋಲ್ಟಿಗೆ ಸರಣಿಯಾಗಿ ನಿಲ್ಲುತ್ತವೆ. ಗೀಸರ್ ಹಾಕಿದವರಿಗೆ ಕಡಿಮೆ, ಬರೀ ಟಿವಿ ಹಾಕಿದವರಿಗೆ ಹೆಚ್ಚು. ಮತ್ತೆ ಹೀಗಾದರೆ ಮೊದಲು ಮೇನ್ ತೆಗೆಯಿರಿ, ಆಮೇಲೆ ಫೋನು ಮಾಡಿ. ನಿಮ್ಮದು ಮೂರು ಫೇಸಿನ ಸಂಪರ್ಕವಾದರೆ ಮೀಟರ್ ಬೋರ್ಡಿನ ನ್ಯೂಟ್ರಲ್ ಸ್ಕ್ರೂ ಕೂಡ ಬಿಗಿ ಮಾಡಿಸಿ. ಓವರ್ ವೋಲ್ಟೇಜಿಗೆ ತೆಗೆಯುವ ರಕ್ಷಕವೊಂದನ್ನು ಮೇನಿನ ಬಳಿ ಹಾಕಿಸಿದರೆ ಅದು ಸ್ಟೆಬಿಲೈಸರಿಗಿಂತ ಅಗ್ಗವೂ ಹೌದು, ಉಪಯೋಗಿಯೂ ಹೌದು.

ಪ್ರಶ್ನೆ: ಸಬ್‌ಸ್ಟೇಷನ್ನಿನಲ್ಲಿ ಕರೆಂಟು ಹರಿಯುವಾಗಲೇ ಟ್ಯಾಪ್ ಬದಲಾಗುತ್ತದೆ. ಕಂಬದ ಟಿಸಿಯಲ್ಲಿ ಯಾಕಿಲ್ಲ?
– ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು

ಉತ್ತರ: ಹರಿಯುವ ಕರೆಂಟನ್ನು ಕಡಿಯದೆ ಒಂದು ಟ್ಯಾಪಿನಿಂದ ಇನ್ನೊಂದಕ್ಕೆ ದಾಟಬೇಕಾದರೆ ಒಂದು ಗಳಿಗೆ ಎರಡನ್ನೂ ಹಿಡಿದಿರಬೇಕು. ಹಾಗೆ ಹಿಡಿದರೆ ನಡುವಿನ ಸುತ್ತು ಶಾರ್ಟ್ ಆಗುತ್ತದೆ. ಅದನ್ನು ತಡೆಯಲು ಆ ಗಳಿಗೆಗೆ ಮಾತ್ರ ರೆಸಿಸ್ಟರ್ ಅಡ್ಡ ತರುತ್ತಾರೆ. ಜರ್ಮನಿಯ ಬರ್ನ್‌ಹಾರ್ಡ್ ಯಾನ್ಸೆನ್ 1927ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಅದಕ್ಕೆ ಸ್ಪ್ರಿಂಗು, ಮೋಟಾರು, ಬೇರೆಯದೇ ಎಣ್ಣೆಯ ತೊಟ್ಟಿ ಎಲ್ಲ ಬೇಕು. 66/11 ಕೆವಿ ಟ್ರಾನ್ಸ್‌ಫಾರ್ಮರಿಗೆ ಅದು ಸಣ್ಣ ಖರ್ಚು, 63 ಕೆವಿಎ ಟಿಸಿಗೆ ಟಿಸಿಗಿಂತ ಹೆಚ್ಚು. ಅಮೆರಿಕದಲ್ಲಿ ಉದ್ದನೆಯ ಲೈನುಗಳ ನಡುವೆಯೇ ಕಂಬದ ಮೇಲೆ ರೆಗ್ಯುಲೇಟರ್ ಇಡುತ್ತಾರೆ: ಮೇಲೆ ಕೆಳಗೆ ಶೇ 10, ಒಟ್ಟು 32 ಮೆಟ್ಟಿಲು, ಒಂದೊಂದು ಶೇ 0.625. ಸಬ್‌ಸ್ಟೇಷನ್ನಿನಲ್ಲೂ ಕಂಬದ ಟಿಸಿಯಲ್ಲೂ ಟ್ಯಾಪ್ ಸುತ್ತನ್ನು ಎಚ್‌ಟಿಯಲ್ಲೇ ಯಾಕೆ ಇಡುತ್ತಾರೆ ಎಂದು ಪರೀಕ್ಷೆಯಲ್ಲಿ ಕೇಳಿದರೆ: 250 ಕೆವಿಎಯಲ್ಲಿ ಎಲ್‌ಟಿ ಕರೆಂಟು 333 ಆಂಪಿಯರ್, ಎಚ್‌ಟಿಯಲ್ಲಿ 13. ಸಣ್ಣ ಕಾಂಟ್ಯಾಕ್ಟ್ ಸಾಕು, ಸುತ್ತುಗಳೂ ಹೆಚ್ಚಿರುವುದರಿಂದ ಮೆಟ್ಟಿಲು ಸಣ್ಣದಾಗಿ ಕತ್ತರಿಸಬಹುದು.

ಪ್ರಶ್ನೆ: ಚಾವಣಿಯ ಮೇಲೆ 5 ಕಿಲೋವ್ಯಾಟ್ ಸೋಲಾರ್ ಇದೆ, ಸಿಂಗಲ್ ಫೇಸ್. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಇನ್ವರ್ಟರ್ ‘ಗ್ರಿಡ್ ವೋಲ್ಟೇಜ್ ಜಾಸ್ತಿ’ ಎಂದು ನಿಂತುಬಿಡುತ್ತದೆ. ಟಿಸಿಯ ಟ್ಯಾಪ್ ಇಳಿಸಿ ಎಂದು ಕೇಳಬಹುದೇ?
– ಮೈಸೂರು

ಉತ್ತರ: ಕೇಳುವ ಮೊದಲು ನಿಮ್ಮ ತಂತಿ ನೋಡಿ. ಮನೆಯಿಂದ ಹೊರಗೆ ಕರೆಂಟು ತಳ್ಳಬೇಕಾದರೆ ಇನ್ವರ್ಟರ್ ತನ್ನ ಬಾಯಲ್ಲಿ ಲೈನಿಗಿಂತ ಹೆಚ್ಚು ವೋಲ್ಟೇಜ್ ಇಟ್ಟುಕೊಳ್ಳಲೇಬೇಕು. 5 ಕಿಲೋವ್ಯಾಟಿಗೆ ಸುಮಾರು 22 ಆಂಪಿಯರ್. ಇನ್ವರ್ಟರಿನಿಂದ ಕಂಬದ ತನಕ 30 ಮೀಟರ್, 4 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಆದರೆ ಹೋಗಿ ಬರುವ 60 ಮೀಟರಿನಲ್ಲಿ ಹತ್ತು ವೋಲ್ಟ್ ಏರುತ್ತದೆ. ಅದೇ 4ರ ತಾಮ್ರವಾದರೆ ಆರು, 10ರ ತಾಮ್ರವಾದರೆ ಎರಡೂವರೆ. ಕಂಬದಲ್ಲಿ 246 ಇದ್ದು ಇನ್ವರ್ಟರಿನಲ್ಲಿ 256 ಕಾಣುತ್ತಿದ್ದರೆ ತಪ್ಪು ಟಿಸಿಯದ್ದಲ್ಲ, ನಿಮ್ಮ ಗೋಡೆಯೊಳಗಿನ ತಂತಿಯದ್ದು.

ಕಂಬದಲ್ಲೇ 252, 254 ಬರುತ್ತಿದ್ದರೆ ಆಗ ಎಸ್ಕಾಂಗೆ ಬರೆಯಿರಿ. ಬೀದಿಯ ಸೋಲಾರ್‌ಗಳೆಲ್ಲ ಒಂದೇ ಫೇಸಿಗೆ ಬಿದ್ದಿವೆಯೇ ನೋಡಿ, ಹಂಚಿ ಕೊಡಿ ಎಂದು ಮೊದಲು ಕೇಳಿ. ಟ್ಯಾಪ್ ಒಂದು ಮೆಟ್ಟಿಲು ಇಳಿಸಿದರೆ ಆರು ವೋಲ್ಟ್ ತಗ್ಗುತ್ತದೆ, ನಿಮ್ಮ ಇನ್ವರ್ಟರ್ ನಿಲ್ಲುವುದಿಲ್ಲ. ಆದರೆ ಸಂಜೆ ಏಳಕ್ಕೆ ಬಿಸಿಲಿಲ್ಲದೆ ಎಲ್ಲರ ಮಿಕ್ಸಿ, ಗೀಸರ್ ಓಡುವಾಗ ಬೀದಿಯ ಕೊನೆಯ ಮನೆಯವರಿಗೆ ಅದೇ ಆರು ವೋಲ್ಟ್ ಕಡಿಮೆ ಬೀಳುತ್ತದೆ. ಅವರ ಮನೆಯಲ್ಲಿ ಆ ಹೊತ್ತಿಗೆ ಎಷ್ಟಿದೆ ಎಂದು ಅಳೆದುಕೊಂಡೇ ಅರ್ಜಿ ಬರೆಯಿರಿ.